ಒಂದು ಸರಕಾರ ಇನ್ನೊಂದು ಸರಕಾರವನ್ನು ಕೇಳುವ ಬಗೆ

(ಮಂಗಳೂರಿನಲ್ಲಿ ಕಾನೂನು ವಿದ್ಯಾರ್ಥಿಗಳು, ಗಲ್ಫ್‌ನಿಂದ ಮರಳಿದವರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಗಲ್ಫ್ ಸಂಬಂಧ ಇಲ್ಲದ ಮನೆ ಹುಡುಕುವುದು ಕಷ್ಟ. ಉಳ್ಳಾಲಕ್ಕೆ ಹೋಗಿ, ಸುರತ್ಕಲ್‌ಗೆ ಹೋಗಿ, ಕಾಪು, ಕುಂದಾಪುರ, ಎಲ್ಲಿಗೇ ಹೋಗಿ. ದುಬೈಯಲ್ಲೋ ದಮ್ಮಾಮ್‌ನಲ್ಲೋ ಕುವೈತ್‌ನಲ್ಲೋ ಒಬ್ಬ ಅಣ್ಣ, ಒಬ್ಬ ಮಾವ ಇದ್ದೇ ಇರುತ್ತಾರೆ. ಹಾಗಾಗಿ ವಿದೇಶಾಂಗ ನೀತಿ ದೆಹಲಿಯವರ ವಿಷಯ, ನಮಗೇನು ಅಂತ ಇಲ್ಲಿ ಯಾರೂ ಹೇಳುವಂತಿಲ್ಲ. ಅಲ್ಲಿ ಒಬ್ಬರನ್ನು ಪೊಲೀಸರು ಹಿಡಿದುಕೊಂಡು ಹೋದರೆ ಫೋನು ಬರುವುದು ಇಲ್ಲಿಗೆ. ವಕೀಲನಾಗಿ ನಾನು ಇಂಥ ಮನೆಯವರಿಗೆ ಅರ್ಜಿ ಬರೆದುಕೊಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ನಮ್ಮ ಸರಕಾರ ಏನು ಮಾಡ್ತದೆ ಮಾರಾಯ್ರೆ?"

ಒಂದು ಕಷ್ಟದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸರಕಾರ ಇನ್ನೊಂದು ದೇಶದ ಜೈಲಿನ ಬೀಗ ತೆಗೆಸಲಾರದು. ಅಲ್ಲಿನ ನ್ಯಾಯಾಧೀಶರಿಗೆ ಆದೇಶ ಕೊಡಲಾರದು. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಯಭಾರ ಕಚೇರಿಯವರು ತಾವಿರುವ ದೇಶದ ಆಂತರಿಕ ವಿಷಯಗಳಲ್ಲಿ ಕೈ ಹಾಕಬಾರದು. ಆದರೆ ಅದೇ ಒಪ್ಪಂದ, ತನ್ನ ದೇಶದ ಜನರ ಹಿತ ಕಾಯುವುದು ಆ ಕಚೇರಿಯ ಕೆಲಸ ಅಂತಲೂ ಹೇಳುತ್ತದೆ. ಒಂದು ಕಡೆ ಕೈ ಹಾಕಬೇಡ, ಇನ್ನೊಂದು ಕಡೆ ಕೈ ಬಿಡಬೇಡ. ಈ ಎರಡರ ನಡುವೆ ಇರುವ ಜಾಗದಲ್ಲೇ ಎಲ್ಲವೂ ನಡೆಯಬೇಕು.

ಆ ಜಾಗದಲ್ಲಿ ಓಡಾಡುವುದು ಜಾಸ್ತಿ ಕಾಗದವೇ. ನೋಟ್ ವರ್ಬಾಲ್ ಅಂತ ಒಂದು ಬಗೆಯ ಪತ್ರ ಇದೆ. "ಭಾರತದ ರಾಯಭಾರ ಕಚೇರಿಯು ವಿದೇಶಾಂಗ ಸಚಿವಾಲಯಕ್ಕೆ ತನ್ನ ವಂದನೆಗಳನ್ನು ತಿಳಿಸುತ್ತಾ" ಎಂಬ ಧಾಟಿಯಲ್ಲಿ ಅದು ಶುರುವಾಗುತ್ತದೆ. ನಾನು, ನೀವು ಎಂಬ ಮಾತೇ ಇಲ್ಲ. ಕಚೇರಿ ಕಚೇರಿಗೆ ಬರೆಯುವುದು. ಕೊನೆಗೆ ಮತ್ತೊಮ್ಮೆ ವಂದನೆ. ಪೂರ್ತಿ ಸಹಿ ಹಾಕುವ ರೂಢಿ ಇಲ್ಲ, ಇನಿಶಿಯಲ್ ಮತ್ತು ಸೀಲು ಸಾಕು. ಇಷ್ಟೆಲ್ಲ ಮರ್ಯಾದೆಯ ನಡುವೆ ಕೆಲಸದ ಮಾತು ಎರಡೇ ಸಾಲು. ಇಂಥ ಪಾಸ್‌ಪೋರ್ಟ್ ನಂಬರಿನ ಇಂಥವರನ್ನು ಇಂಥ ದಿನ ಬಂಧಿಸಿದ್ದೀರಿ, ಭೇಟಿಗೆ ಅವಕಾಶ ಕೊಡಿ. ಆ ಎರಡು ಸಾಲು ಎಷ್ಟು ಖಚಿತವೋ ಪತ್ರಕ್ಕೆ ಅಷ್ಟು ಬಲ.

ಪತ್ರಕ್ಕೆ ಉತ್ತರ ಬರದಿದ್ದರೆ ಅಧಿಕಾರಿಯೇ ಹೋಗಿ ಎದುರು ಕೂತು ಹೇಳುತ್ತಾರೆ. ಅದಕ್ಕೆ ಡೆಮಾರ್ಶ್ ಅಂತಾರೆ. ಅದೂ ಆಗಲಿಲ್ಲ ಅಂದರೆ ಆ ದೇಶದ ರಾಯಭಾರಿಯನ್ನು ನಮ್ಮ ರಾಜಧಾನಿಯಲ್ಲಿ ಕರೆಸಿ ಕೇಳುವುದು, ಮಂತ್ರಿಗಳ ಮಟ್ಟದಲ್ಲಿ ಮಾತು, ಬಹಿರಂಗ ಹೇಳಿಕೆ, ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಳ್ಳುವುದು, ವ್ಯಾಪಾರ ನಿಲ್ಲಿಸುವುದು, ಕೊನೆಗೆ ಅಂತಾರಾಷ್ಟ್ರೀಯ ನ್ಯಾಯಾಲಯ. ಅಮೆರಿಕ 2012ರಲ್ಲಿ ಇನ್ನೊಂದು ದಾರಿ ತೆರೆಯಿತು. ರಷ್ಯಾದ ಜೈಲಿನಲ್ಲಿ ಸತ್ತ ಸೆರ್ಗೆಯ್ ಮ್ಯಾಗ್ನಿಟ್ಸ್ಕಿ ಹೆಸರಿನ ಕಾನೂನು ಮಾಡಿ, ಇಡೀ ದೇಶದ ಬದಲು ತಪ್ಪು ಮಾಡಿದ ಅಧಿಕಾರಿಗಳ ವೀಸಾ ಮತ್ತು ಬ್ಯಾಂಕ್ ಖಾತೆಗೇ ತಡೆ ಹಾಕಿತು.

ನಮ್ಮ ಮನೆಗಳಿಗೆ ಹತ್ತಿರದ ಕಾನೂನು ಬೇರೆ. ಅದು ಕಾನ್ಸುಲರ್ ಸಂಬಂಧಗಳ, ಅಂದರೆ ಹೊರದೇಶದಲ್ಲಿರುವ ತನ್ನ ಜನರಿಗೆ ಸರಕಾರ ಕೊಡುವ ನೆರವಿನ, ಬಗ್ಗೆ 1963ರಲ್ಲಿ ಆದ ವಿಯೆನ್ನಾ ಒಪ್ಪಂದ, ಅದರ 36ನೇ ವಿಧಿ. ವಿದೇಶಿಯೊಬ್ಬರನ್ನು ಬಂಧಿಸಿದರೆ, "ನಿಮ್ಮ ರಾಯಭಾರ ಕಚೇರಿಗೆ ತಿಳಿಸಬೇಕಾ?" ಅಂತ ತಡ ಮಾಡದೆ ಅವರನ್ನು ಕೇಳಬೇಕು. ಅವರು ಹೌದು ಅಂದರೆ ತಿಳಿಸಲೇಬೇಕು. ಕಚೇರಿಯವರು ಜೈಲಿಗೆ ಹೋಗಿ ನೋಡಬಹುದು, ಮಾತಾಡಬಹುದು, ವಕೀಲರನ್ನು ಗೊತ್ತು ಮಾಡಬಹುದು. ಬಂಧಿತರು ತಪ್ಪು ಮಾಡಿದ್ದಾರೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಳ್ಳತನದ ಆರೋಪ ಇರಲಿ, ಕೊಲೆ ಆರೋಪ ಇರಲಿ, ಈ ಹಕ್ಕು ಇದೆ. ಮನೆಯವರು ಎಷ್ಟೋ ಸಲ ನಾಚಿಕೆಯಿಂದ ಸುಮ್ಮನಿದ್ದುಬಿಡುತ್ತಾರೆ. "ಅವನದ್ದೇ ತಪ್ಪು, ಸರಕಾರದ ಹತ್ತಿರ ಯಾವ ಬಾಯಲ್ಲಿ ಕೇಳುವುದು?" ಅಂತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೇಳುವುದು ನಿಮ್ಮ ಹಕ್ಕು.

ಈಗ ನಮ್ಮ ಕರಾವಳಿಯದ್ದೇ ಒಂದು ಪ್ರಕರಣ. ಹೆಸರು, ಊರು ಹೇಳುವುದಿಲ್ಲ. ಪೇಪರ್ ಓದುವವರಿಗೆ ನೆನಪಿರಬಹುದು. ಸೌದಿಯಲ್ಲಿ ಕೆಲಸಕ್ಕಿದ್ದ ಒಬ್ಬರು ಫೇಸ್‌ಬುಕ್ ಪೋಸ್ಟ್ ಒಂದರ ಕಾರಣಕ್ಕೆ ಜೈಲು ಸೇರಿದರು. ಆ ಖಾತೆ ಅವರದ್ದೇ ಅಲ್ಲ, ಅವರ ಹೆಸರಿನಲ್ಲಿ ಇನ್ಯಾರೋ ಮಾಡಿದ ನಕಲಿ ಖಾತೆ ಅಂತ ಮನೆಯವರು ಇಲ್ಲಿ ದೂರು ಕೊಟ್ಟರು. ಉಡುಪಿ ಪೊಲೀಸರು ತನಿಖೆ ಮಾಡಿದರು. ಖಾತೆ ಮಾಡಿದವರು ಇಲ್ಲೇ ಸಿಕ್ಕಿಬಿದ್ದರು. ಆ ತನಿಖೆಯ ದಾಖಲೆಗಳು ಸೌದಿಗೆ ಹೋದವು. ವರ್ಷ ಕಳೆದ ಮೇಲೆ ಅವರು ಮನೆಗೆ ಬಂದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. "ನಮ್ಮ ಪ್ರಜೆ ನಿರಪರಾಧಿ, ಬಿಟ್ಟುಬಿಡಿ" ಅಂತ ಬರೀ ಕೇಳಿಕೊಂಡಿದ್ದರೆ ಆ ಫೈಲು ಎಲ್ಲಿರುತ್ತಿತ್ತೋ ಗೊತ್ತಿಲ್ಲ. ಇಂಥ ಖಾತೆ, ಇಂಥವರು ಮಾಡಿದ್ದು, ಇದು ಸಾಕ್ಷಿ ಅಂತ ಮುಂದೆ ಇಡಲು ಆಯಿತು. ಅದನ್ನು ತಯಾರು ಮಾಡಿದ್ದು ದೆಹಲಿಯ ದೊಡ್ಡ ಕಚೇರಿಯೂ ಅಲ್ಲ, ಜಿಲ್ಲೆಯ ಪೊಲೀಸರು. ಬೇರೆ ದೇಶದ ಜೊತೆ ನ್ಯಾಯದ ಮಾತು ಎಷ್ಟೋ ಸಲ ಶುರುವಾಗುವುದು ನಮ್ಮ ಊರಿನ ಠಾಣೆಯಲ್ಲಿ.

ಆದ್ದರಿಂದ ಮನೆಯವರಿಗೆ ನಾನು ಹೇಳುವುದು ಇಷ್ಟೇ. ಅಳು ಬರುತ್ತದೆ, ಸಹಜ. ಆದರೆ ಅರ್ಜಿಯಲ್ಲಿ ಅಳು ಕಡಿಮೆ ಇರಲಿ, ವಿವರ ಜಾಸ್ತಿ ಇರಲಿ. ಪಾಸ್‌ಪೋರ್ಟ್ ಮತ್ತು ಇಕಾಮಾದ (ಅಲ್ಲಿ ವಾಸಿಸುವ ಪರವಾನಗಿ) ಕಾಪಿ, ಕಫೀಲನ (ಕೆಲಸಕ್ಕೆ ಕರೆಸಿಕೊಂಡ ಪ್ರಾಯೋಜಕ) ಹೆಸರು, ಕಂಪನಿಯ ವಿಳಾಸ, ಹಿಡಿದ ದಿನ, ಠಾಣೆ ಅಥವಾ ಜೈಲು, ಕೇಸ್ ನಂಬರು ಸಿಕ್ಕಿದರೆ ಅದು. ಕೊನೆಯ ಸಲ ಮಾತಾಡಿದ್ದು ಯಾವಾಗ, ಅವರು ಹೇಳಿದ್ದೇನು. ಅರಬ್ಬಿಯಲ್ಲಿ 'ಪ' ಅಕ್ಷರ ಇಲ್ಲ. ಪೂಜಾರಿ ಅಲ್ಲಿನ ದಾಖಲೆಯಲ್ಲಿ ಬೂಜಾರಿ ಆಗಿರಬಹುದು. ಹೆಸರು ಹೇಳಿ ಹುಡುಕಿದರೆ ಸಿಗುವುದಿಲ್ಲ, ನಂಬರು ಬೇಕು. ಇದನ್ನೆಲ್ಲ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಹಾಕಿ. 2015ರಿಂದ ಅದು ಇದೆ, ಅಲ್ಲಿ ದೂರಿಗೆ ಒಂದು ನಂಬರು ಸಿಗುತ್ತದೆ. ಆ ನಂಬರು ಹಿಡಿದುಕೊಂಡು ಸಂಸದರ ಕಚೇರಿಗೆ ಹೋಗಿ. ಸುಮ್ನೆ "ಏನಾದರೂ ಮಾಡಿ" ಅಂದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ. ವಿದೇಶದ ಜೈಲುಗಳಲ್ಲಿ ಇರುವ ಭಾರತೀಯರು ಹತ್ತು ಸಾವಿರಕ್ಕೂ ಜಾಸ್ತಿ ಅಂತ ಸರಕಾರವೇ ಸಂಸತ್ತಿಗೆ ಹೇಳಿದೆ. ಅಷ್ಟು ಜನರ ನಡುವೆ ನಿಮ್ಮವರ ಫೈಲು ಮೇಲೆ ಬರಬೇಕಲ್ವಾ?

ಶಿಕ್ಷೆ ಆಗಿಹೋಗಿದ್ದರೆ ಇನ್ನೊಂದು ದಾರಿ ಇದೆ. ಕೈದಿಗಳ ಹಸ್ತಾಂತರಕ್ಕೆ ನಮ್ಮಲ್ಲಿ 2003ರ ಕಾನೂನು ಇದೆ. ಸೌದಿ ಜೊತೆ 2010ರಲ್ಲಿ, ಯುಎಇ ಜೊತೆ 2011ರಲ್ಲಿ ಒಪ್ಪಂದ ಆಗಿದೆ. ಕೈದಿ ಒಪ್ಪಬೇಕು, ಎರಡೂ ಸರಕಾರ ಒಪ್ಪಬೇಕು. ಉಳಿದ ಶಿಕ್ಷೆಯನ್ನು ನಮ್ಮ ಜೈಲಿನಲ್ಲಿ ಕಳೆಯಬಹುದು. ಮನೆಯವರು ತಿಂಗಳಿಗೊಮ್ಮೆಯಾದರೂ ಹೋಗಿ ಮುಖ ನೋಡಬಹುದು.

ಹೆಸರು ಬರೆದಿಡುವುದಕ್ಕೆ ಎಷ್ಟು ಬೆಲೆ ಇದೆ ಅನ್ನುವುದಕ್ಕೆ ಇನ್ನೊಂದು ವಿಷಯ ನೋಡಿ. ಭಾರತ ಮತ್ತು ಪಾಕಿಸ್ತಾನ 2008ರ ಒಪ್ಪಂದದ ಪ್ರಕಾರ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ತಮ್ಮ ಜೈಲುಗಳಲ್ಲಿರುವ ಆ ಕಡೆಯವರ ಪಟ್ಟಿ ಕೊಡುತ್ತವೆ. ಪಾಕಿಸ್ತಾನ ಕೊಡುವ ಪಟ್ಟಿಯಲ್ಲಿ ಜಾಸ್ತಿ ಇರುವವರು ನಮ್ಮ ಮೀನುಗಾರರು. ಅವರಲ್ಲಿ ಹೆಚ್ಚಿನವರು ಗುಜರಾತ್ ಮತ್ತು ದಿಯುವಿನವರು. ಸಮುದ್ರದ ಮೇಲೆ ಗಡಿ ಕಾಣುವುದಿಲ್ಲ ಅಂತ ಮಲ್ಪೆಯವರಿಗೆ, ಬಂದರಿನವರಿಗೆ ನಾನು ಹೇಳಬೇಕಾಗಿಲ್ಲ. ಎರಡು ದೇಶಗಳ ನಡುವೆ ಮಾತುಕತೆಯೇ ನಿಂತ ವರ್ಷಗಳಲ್ಲೂ ಈ ಪಟ್ಟಿಯ ವಿನಿಮಯ ನಡೆದಿದೆ. ಪಟ್ಟಿಯಲ್ಲಿ ಹೆಸರು ಬಂತು ಅಂದರೆ ಆ ಮನುಷ್ಯ ತಮ್ಮ ಜೈಲಿನಲ್ಲಿ ಇದ್ದಾನೆ ಅಂತ ಆ ಸರಕಾರ ಒಪ್ಪಿದ ಹಾಗೆ. ಮುಂದೆ ಅವನು ಇಲ್ಲವೇ ಇಲ್ಲ ಅಂತ ಹೇಳಲಾಗದು.

ಕುಲಭೂಷಣ್ ಜಾಧವ್ ಪ್ರಕರಣ ನಿಮಗೆಲ್ಲ ಗೊತ್ತು. 2016ರ ಮಾರ್ಚ್‌ನಲ್ಲಿ ಪಾಕಿಸ್ತಾನ ಅವರನ್ನು ಬಂಧಿಸಿತು. ಭೇಟಿಗೆ ಅವಕಾಶ ಕೊಡಿ ಅಂತ ಭಾರತ ಮತ್ತೆ ಮತ್ತೆ ಕೇಳಿತು. ಕೊಡಲಿಲ್ಲ. 2017ರ ಏಪ್ರಿಲ್‌ನಲ್ಲಿ ಸೇನಾ ನ್ಯಾಯಾಲಯ ಗಲ್ಲು ಶಿಕ್ಷೆ ಹೇಳಿತು. ಮೇ ತಿಂಗಳಲ್ಲಿ ಭಾರತ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಹರೀಶ್ ಸಾಳ್ವೆ 1 ರೂಪಾಯಿ ಶುಲ್ಕಕ್ಕೆ ವಾದಿಸಿದರು. ಆ ಕೇಸು ನಿಂತದ್ದು 36ನೇ ವಿಧಿಯ ಮೇಲೆ. ಬೇಹುಗಾರಿಕೆಯ ಆರೋಪ ಇದ್ದವರಿಗೆ ಈ ಹಕ್ಕು ಇಲ್ಲ ಅಂತ ಪಾಕಿಸ್ತಾನ ವಾದಿಸಿತು. 2019ರ ಜುಲೈ 17ರಂದು ನ್ಯಾಯಾಲಯ 15–1 ಬಹುಮತದಲ್ಲಿ ಆ ವಾದವನ್ನು ತಳ್ಳಿಹಾಕಿತು. ಹಕ್ಕಿನ ಬಗ್ಗೆ ಅವರಿಗೆ ಹೇಳಲಿಲ್ಲ, ಭೇಟಿಗೆ ಬಿಡಲಿಲ್ಲ, ಇದು ಒಪ್ಪಂದದ ಉಲ್ಲಂಘನೆ ಎಂದಿತು. ಶಿಕ್ಷೆಯನ್ನು ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಗಲ್ಲಿಗೇರಿಸುವಂತಿಲ್ಲ ಎಂದಿತು.

ಭಾರತ ಬಿಡುಗಡೆಯನ್ನೂ ಕೇಳಿತ್ತು. ಅದನ್ನು ಕೋರ್ಟು ಕೊಡಲಿಲ್ಲ. ನಮ್ಮಲ್ಲಿ ಎಷ್ಟೋ ಜನರು ಆ ದಿನ ಪೂರ್ತಿ ಗೆದ್ದೆವು ಅಂತ ಸಂಭ್ರಮಿಸಿದರು. ಆದರೆ ಹೇಗ್‌ನ ತೀರ್ಪನ್ನು ಜಾರಿ ಮಾಡಲು ಯಾವ ಪೊಲೀಸರೂ ಹೋಗುವುದಿಲ್ಲ. ಹಾಗಿದ್ದರೂ ಒಂದು ಜೀವ ಉಳಿದಿದೆ. ಅದು ಸಣ್ಣ ವಿಷಯ ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು ಪ್ರಕರಣ ಇದಕ್ಕೆ ಪೂರ್ತಿ ಬೇರೆ. ನಮ್ಮ ನೌಕಾಪಡೆಯ ಎಂಟು ಮಂದಿ ಮಾಜಿ ಸಿಬ್ಬಂದಿಯನ್ನು ಕತಾರ್ 2022ರ ಆಗಸ್ಟ್‌ನಲ್ಲಿ ಬಂಧಿಸಿತು. 2023ರ ಅಕ್ಟೋಬರ್‌ನಲ್ಲಿ ಮರಣದಂಡನೆ ಆಯಿತು. ಆರೋಪ ಏನು ಅಂತ ಎರಡೂ ಸರಕಾರಗಳು ಬಹಿರಂಗವಾಗಿ ಹೇಳಲಿಲ್ಲ. ಭಾರತ "ತೀವ್ರ ಆಘಾತವಾಗಿದೆ" ಎಂದಿತು, ಅದಕ್ಕಿಂತ ಜಾಸ್ತಿ ಗದ್ದಲ ಮಾಡಲಿಲ್ಲ. ಮೇಲ್ಮನವಿ ಹಾಕಿದರು. ಪ್ರಧಾನಿ ಮತ್ತು ಕತಾರ್‌ನ ಅಮೀರ್ ದುಬೈಯಲ್ಲಿ ಭೇಟಿಯಾದರು. ಡಿಸೆಂಬರ್ ಕೊನೆಗೆ ಮರಣದಂಡನೆ ಹೋಗಿ ಜೈಲು ಶಿಕ್ಷೆಯಾಯಿತು. 2024ರ ಫೆಬ್ರುವರಿಯಲ್ಲಿ ಎಂಟೂ ಮಂದಿಯ ಬಿಡುಗಡೆ ಆಯಿತು.

ಕೆನಡಾ ಇದಕ್ಕೆ ವಿರುದ್ಧ ದಾರಿ ಹಿಡಿದಿತ್ತು. 2018ರ ಆಗಸ್ಟ್‌ನಲ್ಲಿ ಸೌದಿಯಲ್ಲಿ ಬಂಧನದಲ್ಲಿದ್ದ ಮಹಿಳಾ ಹಕ್ಕು ಹೋರಾಟಗಾರರನ್ನು ತಕ್ಷಣ ಬಿಡಿ ಅಂತ ಕೆನಡಾದ ವಿದೇಶಾಂಗ ಇಲಾಖೆ ಟ್ವೀಟ್ ಮಾಡಿತು. ಸೌದಿ ಕೆನಡಾದ ರಾಯಭಾರಿಯನ್ನು ಹೊರಗೆ ಹಾಕಿತು. ಹೊಸ ವ್ಯಾಪಾರ ನಿಲ್ಲಿಸಿತು. ಕೆನಡಾದಲ್ಲಿ ಓದುತ್ತಿದ್ದ ತನ್ನ ಸಾವಿರಾರು ವಿದ್ಯಾರ್ಥಿಗಳನ್ನು ವಾಪಸ್ ಕರೆಸಿಕೊಂಡಿತು. ಸಂಬಂಧ ಮತ್ತೆ ಸರಿಯಾಗಲು 2023ರ ಮೇವರೆಗೆ ಕಾಯಬೇಕಾಯಿತು.

ಹಾಗಾದರೆ ಗುಟ್ಟಾಗಿ ಕೇಳುವುದೇ ಒಳ್ಳೆಯದಾ? ಅಧಿಕಾರಿಗಳು ಹೌದು ಅಂತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕತಾರ್ ಪ್ರಕರಣದಲ್ಲಿ ಇಡೀ ದೇಶ ಕಣ್ಣಿಟ್ಟು ಕಾಯುತ್ತಿತ್ತು, ಹಾಗಾಗಿ ಒಳಗಿನ ಮಾತು ನಿಲ್ಲಲಿಲ್ಲ. ಯಾರೂ ಕಣ್ಣಿಡದ ಒಬ್ಬ ಟೈಲ್ಸ್ ಕೆಲಸದವನ, ಒಬ್ಬ ಮನೆಗೆಲಸದ ಹೆಂಗಸಿನ ವಿಷಯದಲ್ಲಿ "ಒಳಗಿಂದ ಮಾತಾಡುತ್ತಿದ್ದೇವೆ" ಅನ್ನುವ ಉತ್ತರದ ಹಿಂದೆ ಮಾತೇ ಇಲ್ಲದೆ ಇರಬಹುದು. ಗುಟ್ಟು ಇರಲಿ, ಆದರೆ ಲೆಕ್ಕ ಕೊಡಬೇಕು. ಎಷ್ಟು ಸಲ ಭೇಟಿಯಾದಿರಿ, ವಕೀಲರನ್ನು ಇಟ್ಟಿರಾ, ಮುಂದಿನ ವಿಚಾರಣೆ ಯಾವಾಗ? ಇಷ್ಟನ್ನು ಮನೆಯವರಿಗೆ ಹೇಳಿದರೆ ಯಾವ ದೇಶದ ಸಂಬಂಧವೂ ಕೆಡುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ತನ್ನ ಪ್ರಜೆಗಳಿಗಾಗಿ ಕೇಳುವುದು. ಬೇರೆಯವರಿಗಾಗಿ ಕೇಳಬಹುದಾ? ಈ ವಿಷಯದಲ್ಲಿ ನಮ್ಮ ದೇಶಕ್ಕೆ ದೊಡ್ಡ ಪರಂಪರೆ ಇದೆ. ನಮ್ಮ ಕಾಲೇಜುಗಳಲ್ಲಿ ಅದನ್ನು ಸರಿಯಾಗಿ ಹೇಳಿಕೊಡುವುದಿಲ್ಲ ಅನ್ನುವ ಬೇಸರ ನನಗಿದೆ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1946. ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ದಕ್ಷಿಣ ಆಫ್ರಿಕಾ ಆ ವರ್ಷ ಒಂದು ಕಾನೂನು ಮಾಡಿತು. ಭಾರತೀಯ ಮೂಲದವರು ಎಲ್ಲಿ ಜಾಗ ಕೊಳ್ಳಬಹುದು, ಎಲ್ಲಿ ವಾಸ ಮಾಡಬಹುದು ಅಂತ ಗೆರೆ ಎಳೆಯಿತು. ಭಾರತ ತನ್ನ ಹೈಕಮಿಷನರ್‌ನನ್ನು ವಾಪಸ್ ಕರೆಸಿತು. ವ್ಯಾಪಾರ ನಿಲ್ಲಿಸಿತು. ಆಗ ತಾನೇ ಹುಟ್ಟಿದ್ದ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ನಿಯೋಗದ ಮುಂದೆ ನಿಂತವರು ವಿಜಯಲಕ್ಷ್ಮಿ ಪಂಡಿತ್. ಎದುರಿಗೆ ದಕ್ಷಿಣ ಆಫ್ರಿಕಾದ ಪ್ರಧಾನಿ ಯಾನ್ ಸ್ಮಟ್ಸ್. ಅವರೇನು ಸಾಮಾನ್ಯರಲ್ಲ. ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆ ಬರೆಯುವುದರಲ್ಲೇ ಅವರ ಕೈ ಇತ್ತು. ಮಾನವ ಹಕ್ಕಿನ ಮಾತು ಆ ಪೀಠಿಕೆಯಲ್ಲೇ ಇದೆ. ಅದೇ ಸ್ಮಟ್ಸ್ ಅಲ್ಲಿ ನಿಂತು, ಸನ್ನದಿನ 2ನೇ ವಿಧಿಯನ್ನು ತೋರಿಸಿ, ಇದು ನಮ್ಮ ಆಂತರಿಕ ವಿಷಯ, ನಿಮಗೆ ಕೇಳುವ ಹಕ್ಕಿಲ್ಲ ಎಂದರು.

ಡಿಸೆಂಬರ್ 8ರಂದು ಮತ ಹಾಕಿದರು. ಭಾರತದ ಪರ 32, ವಿರುದ್ಧ 15, ತಟಸ್ಥ 7. ನಿರ್ಣಯಕ್ಕೆ ಮೂರನೇ ಎರಡು ಬಹುಮತ ಬೇಕಿತ್ತು. ಲೆಕ್ಕ ಹಾಕಿ ನೋಡಿ, 47 ಮತದಲ್ಲಿ ಮೂರನೇ ಎರಡು ಅಂದರೆ ಕಡಿಮೆ ಅಂದರೂ 32. ಒಂದು ಮತ ಕಡಿಮೆಯಾಗಿದ್ದರೆ ಬಿದ್ದುಹೋಗುತ್ತಿತ್ತು. ಆ ನಿರ್ಣಯದಿಂದ ಮರುದಿನವೇ ದಕ್ಷಿಣ ಆಫ್ರಿಕಾ ಬದಲಾಗಲಿಲ್ಲ. ಎರಡು ವರ್ಷಕ್ಕೆ ವರ್ಣಭೇದ ನೀತಿಯೇ ಅಧಿಕಾರಕ್ಕೆ ಬಂತು. ಆದರೆ ಭಾರತ ಬಿಡಲಿಲ್ಲ, ಈ ವಿಷಯವನ್ನು ವರ್ಷ ವರ್ಷವೂ ಎತ್ತಿತು. ಮೊದಲು ಭಾರತೀಯರ ಬಗ್ಗೆ, ಆಮೇಲೆ ಅಲ್ಲಿನ ಕಪ್ಪು ಜನರ ಬಗ್ಗೆ. ಬೇರೆ ದೇಶಗಳು ಸೇರಿಕೊಂಡವು. 1994ರ ಚುನಾವಣೆಯವರೆಗೆ ಆ ದಾರಿ ಹೋಯಿತು. ಒಂದು ದೇಶ ತನ್ನ ಜನರನ್ನು ಹೇಗೆ ನಡೆಸಿಕೊಳ್ಳುತ್ತದೆ ಅಂತ ಹೊರಗಿನವರು ಕೇಳಬಹುದು ಅನ್ನುವುದನ್ನು ವಿಶ್ವಸಂಸ್ಥೆಯಲ್ಲಿ ಮೊದಲ ವರ್ಷಗಳಲ್ಲೇ ಸಾಧಿಸಿ ತೋರಿಸಿದ್ದು ನಾವು.

ಈಚೆಗೆ ಅದೇ ಧೈರ್ಯ ತೋರಿಸಿದ್ದು ಗ್ಯಾಂಬಿಯಾ. ಪಶ್ಚಿಮ ಆಫ್ರಿಕಾದಲ್ಲಿ ಒಂದು ನದಿಯ ಎರಡು ದಡಕ್ಕೆ ಅಂಟಿಕೊಂಡ ಪುಟ್ಟ ದೇಶ. ಅವರ ಆಗಿನ ಕಾನೂನು ಮಂತ್ರಿ ಅಬೂಬಕರ್ ತಾಂಬಾದು ಮೊದಲು ರುವಾಂಡಾದ ನರಮೇಧದ ವಿಚಾರಣೆಗಳಲ್ಲಿ ಕೆಲಸ ಮಾಡಿದ್ದವರು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಹೋಗಿ, ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ನಿರಾಶ್ರಿತರ ಮಾತು ಕೇಳಿ ಬಂದರು. 2019ರ ನವೆಂಬರ್‌ನಲ್ಲಿ ಗ್ಯಾಂಬಿಯಾ ಮ್ಯಾನ್ಮಾರ್ ಮೇಲೆ ಹೇಗ್‌ನಲ್ಲಿ ಕೇಸು ಹಾಕಿತು. "ನಿನಗೇನು ನಷ್ಟ ಆಗಿದೆ?" ಅಂತ ಮ್ಯಾನ್ಮಾರ್ ಕೇಳಿತು. ನರಮೇಧ ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದ ಯಾವ ದೇಶವಾದರೂ ಕೇಳಬಹುದು ಅಂತ 2022ರಲ್ಲಿ ಕೋರ್ಟು ಹೇಳಿತು. ಮ್ಯಾನ್ಮಾರ್‌ಗೆ ಗಡಿ ಹಂಚಿಕೊಂಡಿರುವ ನಾವು ಆ ಕೆಲಸ ಮಾಡಲಿಲ್ಲ.

ನಾವೀಗ ಬೇರೆ ದೇಶದ ಮೇಲಿನ ನಿರ್ಣಯಗಳಲ್ಲಿ ತಟಸ್ಥರಾಗಿರುವುದೇ ಜಾಸ್ತಿ. ಶ್ರೀಲಂಕಾ ವಿಷಯದಲ್ಲಿ 2012 ಮತ್ತು 2013ರಲ್ಲಿ ಜಿನೀವಾದ ಮಾನವ ಹಕ್ಕು ಮಂಡಳಿಯಲ್ಲಿ ನಿರ್ಣಯದ ಪರ ಮತ ಹಾಕಿದೆವು, 2014ರಲ್ಲಿ ತಟಸ್ಥ, 2021 ಮತ್ತು 2022ರಲ್ಲೂ ತಟಸ್ಥ. ಪಕ್ಕದ ಮನೆಯವರ ಜೊತೆ ನಾಳೆಯೂ ಇರಬೇಕು ಅನ್ನುವ ಕಾರಣ ನನಗೆ ಅರ್ಥವಾಗುತ್ತದೆ. ಆದರೆ 1946ರಲ್ಲಿ 'ಆಂತರಿಕ ವಿಷಯ' ಎಂಬ ಗೋಡೆಯನ್ನು ಒಡೆದವರೇ ಇಂದು ಆ ಗೋಡೆಯ ಹಿಂದೆ ನಿಲ್ಲುವುದನ್ನು ನೋಡಿದರೆ ನೋವಾಗುತ್ತದೆ.

ನ್ಯಾಯದ ಮಾತು ಜೈಲಿಗಷ್ಟೇ ಸಂಬಂಧಿಸಿದ್ದೂ ಅಲ್ಲ. ಸಂಬಳವೂ ನ್ಯಾಯದ ವಿಷಯವೇ. ಗಲ್ಫ್‌ಗೆ ಹೋಗುವ ಕೆಲಸಗಾರರಿಗೆ ಇಂತಿಷ್ಟು ಕನಿಷ್ಠ ಸಂಬಳ ಇರಬೇಕು ಅಂತ ನಮ್ಮ ಸರಕಾರ ಗೊತ್ತು ಮಾಡುತ್ತದೆ. ಅಲ್ಲಿನ ಕೆಲವು ದೇಶಗಳ ಕಾನೂನಿನಲ್ಲಿ ಇಲ್ಲದ್ದನ್ನು ನಮ್ಮ ಕಡೆಯಿಂದ ಹೇರುವ ಒಂದು ಉಪಾಯ ಅದು. 2020ರ ಸೆಪ್ಟೆಂಬರ್‌ನಲ್ಲಿ, ಕೊರೋನಾ ಕಾಲದಲ್ಲಿ, ಸರಕಾರ ಆ ಮೊತ್ತವನ್ನು ಶೇ. 30ರಿಂದ 50ರಷ್ಟು ಇಳಿಸಿತು. ಸಂಬಳ ಕಡಿಮೆ ಇದ್ದರೆ ನಮ್ಮವರ ಕೆಲಸ ಉಳಿಯುತ್ತದೆ ಅನ್ನುವ ಲೆಕ್ಕ. ಕಾರ್ಮಿಕರ ಪರ ಇದ್ದವರು ತೆಲಂಗಾಣ ಹೈಕೋರ್ಟಿಗೆ ಹೋದರು. 2021ರಲ್ಲಿ ಸರಕಾರ ಹಳೆಯ ಮೊತ್ತಕ್ಕೆ ವಾಪಸ್ ಬಂತು. ಬೇರೆ ದೇಶದ ಹತ್ತಿರ ನಮ್ಮವರಿಗೆ ನ್ಯಾಯ ಕೇಳಬೇಕಾದ ಸರಕಾರವನ್ನೂ ಕೆಲವು ಸಲ ನಾವೇ ಕೋರ್ಟಿಗೆ ಕರೆಯಬೇಕಾಗುತ್ತದೆ.

ಇನ್ನು ನಮ್ಮನ್ನು ಬೇರೆಯವರು ಕೇಳಿದಾಗ. 2024ರ ಮಾರ್ಚ್‌ನಲ್ಲಿ ದೆಹಲಿ ಮುಖ್ಯಮಂತ್ರಿಯ ಬಂಧನದ ಬಗ್ಗೆ ಜರ್ಮನಿ, ಅಮೆರಿಕ ಮಾತಾಡಿದಾಗ ನಮ್ಮ ಸರಕಾರ ಎರಡೂ ದೇಶದ ರಾಜತಾಂತ್ರಿಕರನ್ನು ಕರೆಸಿ ಪ್ರತಿಭಟಿಸಿತು. ಆದರೆ ಜಿನೀವಾದಲ್ಲಿ ಒಂದು ಜಾಗ ಇದೆ, ಅಲ್ಲಿ ಯಾರೂ ಸಿಟ್ಟಾಗುವ ಹಾಗಿಲ್ಲ. ನಾಲ್ಕೂವರೆ ವರ್ಷಕ್ಕೊಮ್ಮೆ ಪ್ರತಿ ದೇಶವೂ ಮೂರೂವರೆ ಗಂಟೆ ಕೂತು, ತನ್ನಲ್ಲಿನ ಮಾನವ ಹಕ್ಕುಗಳ ಬಗ್ಗೆ ಬೇರೆ ದೇಶಗಳು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ವಿಶ್ವಸಂಸ್ಥೆಯ 193 ದೇಶಗಳಿಗೂ ಒಂದೇ ನಿಯಮ. ಭಾರತದ ಸರದಿ 2008, 2012, 2017, 2022ರಲ್ಲಿ ಬಂತು. ಒಂದು ಪ್ರಶ್ನೆ ಪ್ರತಿ ಸಲವೂ ಬಂದಿದೆ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದಿರಿ, ಅದನ್ನು ಅನುಮೋದಿಸುವುದು ಯಾವಾಗ?

ಇದು ನಮಗೆ ಮಾನದ ಪ್ರಶ್ನೆ ಮಾತ್ರ ಅಂದುಕೊಳ್ಳಬೇಡಿ. 1995ರಲ್ಲಿ ಪುರುಲಿಯಾದ ಮೇಲೆ ವಿಮಾನದಿಂದ ಆಯುಧ ಸುರಿದರಲ್ಲ, ಆ ಕೇಸಿನಲ್ಲಿ ಬೇಕಾದ ಡೆನ್ಮಾರ್ಕ್ ಪ್ರಜೆಯನ್ನು ಒಪ್ಪಿಸಿ ಅಂತ ನಾವು ಎಷ್ಟೋ ವರ್ಷದಿಂದ ಕೇಳುತ್ತಿದ್ದೇವೆ. ಇಲ್ಲಿ ಚಿತ್ರಹಿಂಸೆಯ ಅಪಾಯ ಇದೆ ಅಂತ 2011ರಲ್ಲಿ ಅಲ್ಲಿನ ಹೈಕೋರ್ಟು ನಿರಾಕರಿಸಿತು. 2024ರಲ್ಲಿ ಇನ್ನೊಂದು ಕೋರ್ಟು ಮತ್ತೆ ನಿರಾಕರಿಸಿತು. ಇನ್ನೊಂದು ಹಸ್ತಾಂತರದ ಕೇಸಿನಲ್ಲಿ 2025ರ ಫೆಬ್ರುವರಿಯಲ್ಲಿ ಲಂಡನ್‌ನ ಹೈಕೋರ್ಟು ತಿಹಾರ್ ಜೈಲಿನ ಸ್ಥಿತಿ ನೋಡಿ ಇಲ್ಲ ಅಂತು. ಅಂದರೆ ನಮ್ಮ ಠಾಣೆಗಳಲ್ಲಿ, ಜೈಲುಗಳಲ್ಲಿ ನಡೆಯುವುದರಿಂದ, ನಮ್ಮಲ್ಲಿ ಅಪರಾಧದ ಆರೋಪ ಇರುವವರನ್ನೇ ನಮಗೆ ಕರೆತರಲಾಗುತ್ತಿಲ್ಲ. ನಾಳೆ ಸೌದಿಯಲ್ಲೋ ಇನ್ನೆಲ್ಲೋ ನಮ್ಮ ಹುಡುಗನಿಗೆ ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡಿದ್ದಾರೆ ಅಂತ ನಮ್ಮ ರಾಯಭಾರಿ ದೂರು ಹೇಳಲು ಹೋದಾಗ, ಎದುರಿನವರು ಇದನ್ನೇ ತೆಗೆದು ಮೇಜಿನ ಮೇಲೆ ಇಡಬಹುದು.

ಇದಕ್ಕೆ ಬೇಕಾದ ಕಾನೂನಿನ ಕೆಲಸ ಹೆಚ್ಚಿನದ್ದು ಆಗಿಯೇ ಇದೆ. ಚಿತ್ರಹಿಂಸೆ ತಡೆ ಮಸೂದೆಯನ್ನು 2010ರಲ್ಲಿ ಲೋಕಸಭೆ ಒಪ್ಪಿತ್ತು. ರಾಜ್ಯಸಭೆಯ ಆಯ್ಕೆ ಸಮಿತಿ ತಿದ್ದುಪಡಿ ಸೂಚಿಸಿತು, ಆಮೇಲೆ ಲೋಕಸಭೆಯ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಒಪ್ಪಂದ ಅನುಮೋದಿಸಿ ಅಂತ ಹೇಳಿ, ಹೊಸ ಕರಡು ಮಸೂದೆಯನ್ನೂ ಬರೆದುಕೊಟ್ಟಿದೆ. ವಿದ್ಯಾರ್ಥಿಗಳು ಆ ವರದಿಯನ್ನು ಒಮ್ಮೆ ಓದಿ, ತುಂಬ ದೊಡ್ಡದೇನಲ್ಲ. ಗಲ್ಫ್‌ನಲ್ಲಿ ಮಗನನ್ನೋ ಗಂಡನನ್ನೋ ಇಟ್ಟುಕೊಂಡ ಮನೆಯವರು, ಸಂಸದರು ಊರಿಗೆ ಬಂದಾಗ ಮದದ್ ನಂಬರಿನ ಜೊತೆಗೆ ಆ ಮಸೂದೆ ಎಲ್ಲಿಗೆ ಬಂತು ಅಂತಲೂ ಕೇಳಿ.